ಯಾವ ದ್ವೀಪದ ಹಕ್ಕಿ, ಯಾರು ತಂದ ಹಕ್ಕಿ?

1858ರ ಅಕ್ಟೋಬರ್ ಕೊನೆ. ಇಂದಿನ ಇಂಡೋನೇಷ್ಯಾದ ಪೂರ್ವ ಭಾಗದಲ್ಲಿರುವ ಬಚಾನ್ ಅನ್ನೋ ದ್ವೀಪ. 35 ವರ್ಷದ ಒಬ್ಬ ಬ್ರಿಟಿಷ್ ಮನುಷ್ಯ ಕಾಡು ಸುತ್ತಿ ಮನೆಗೆ ವಾಪಸ್ ಬರ್ತಿದ್ದಾನೆ. ದಾರಿಯಲ್ಲಿ ಅವನ ಸಹಾಯಕ ಅಲಿ ಸಿಗ್ತಾನೆ. ಅಲಿಗೆ ಹದಿನೆಂಟರ ಆಸುಪಾಸು. ಬೇಟೆ ಮುಗಿಸಿ ಬರ್ತಿರೋ ಅವನ ಸೊಂಟದ ಪಟ್ಟಿಯಲ್ಲಿ ಹಕ್ಕಿಗಳು ನೇತಾಡ್ತಿವೆ. ಮುಖದಲ್ಲಿ ಖುಷಿ. ಒಂದು ಹಕ್ಕಿಯನ್ನ ಮುಂದೆ ಹಿಡಿದು ತೋರಿಸ್ತಾನೆ. ಎದೆಯಲ್ಲಿ ಹೊಳೆಯುವ ಹಸಿರು ಗರಿಗಳ ಗುಚ್ಛ, ಎರಡೂ ಪಕ್ಕಕ್ಕೆ ಚಾಚಿಕೊಂಡಿದೆ. ಅದಾದರೂ ಸರಿ, ಆದರೆ ಒಂದೊಂದು ಭುಜದಿಂದಲೂ ಎರಡೆರಡು ಉದ್ದನೆಯ ಬಿಳಿ ಗರಿಗಳು ಬಾವುಟದ ಹಾಗೆ ಹೊರಟಿವೆ. ಸಾಹೇಬನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯ್ತು, ಇದು ಸ್ವರ್ಗದ ಹಕ್ಕಿಗಳ ಕುಟುಂಬಕ್ಕೆ ಸೇರಿದ, ಯುರೋಪಿನ ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲದ ಹೊಸ ಪ್ರಭೇದ.

ಮರುವರ್ಷ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತಿದ್ದ ಜಾರ್ಜ್ ಗ್ರೇ ಆ ಹಕ್ಕಿಗೆ ಹೆಸರಿಟ್ಟ. ಇವತ್ತು ಅದು ಸೆಮಿಯೋಪ್ಟೆರಾ ವ್ಯಾಲೇಸಿ. ಹಕ್ಕಿಯನ್ನ ಕಂಡು ಹೊಡೆದವನು ಅಲಿ. ಹೆಸರು ಬಂದಿದ್ದು ಅವನ ಸಾಹೇಬ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್‌ಗೆ. ಹೆಸರಿಟ್ಟವನು ಆ ದ್ವೀಪವನ್ನ ನೋಡೇ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಇದು ನಮಗೆಲ್ಲ ಗೊತ್ತಿರೋ ವಸಾಹತುಶಾಹಿಯ ಕತೆ. ಬಿಳಿಯ ಬಂದ, ದೋಚಿದ, ಹೆಸರು ಮಾಡಿದ. ಅದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಯಾಕಂದ್ರೆ ಹಕ್ಕಿಗೆ ತನ್ನ ಹೆಸರು ಅಂಟಿಸಿಕೊಂಡ ಈ ವ್ಯಾಲೇಸ್ ತಾನೇ ಬಡವ, 14ನೇ ವಯಸ್ಸಿಗೆ ಶಾಲೆ ಬಿಟ್ಟವನು, ಜೀವನಪೂರ್ತಿ ಒಂದು ಕಾಯಂ ನೌಕರಿ ಸಿಗದೇ ಹೋದವನು. ಬಚಾನ್‌ಗೆ ಹೊರಡುವ ಕೆಲವೇ ದಿನ ಮೊದಲು ಅವನ ಕೈಗೆ ಲಂಡನ್ನಿನಿಂದ ಪತ್ರಗಳು ಬಂದಿದ್ದವು. ಅವನ ಬದುಕಿನ ಅತಿ ದೊಡ್ಡ ಐಡಿಯಾವನ್ನ ಅವನನ್ನು ಒಂದು ಮಾತೂ ಕೇಳದೆ ದೊಡ್ಡವರೆಲ್ಲ ಸೇರಿ ಪ್ರಕಟಿಸಿಬಿಟ್ಟಿದ್ದಾರೆ ಅನ್ನೋ ಸುದ್ದಿ ಅವುಗಳಲ್ಲಿತ್ತು.

(ಒಂದು ಮಾತು. ನಮ್ಮ ಕನ್ನಡದಲ್ಲಿ ಡಾರ್ವಿನ್ ಆದ್ರೆ ಅವರು, ಅಲಿ ಆದ್ರೆ ಅವನು. ಈ ಬರಹದಲ್ಲಿ ಎಲ್ಲರೂ ಅವನೇ.)

ವ್ಯಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್‌ನ ಅಸ್ಕ್ ಊರಿನ ಹತ್ತಿರ. ಒಂಬತ್ತು ಮಕ್ಕಳಲ್ಲಿ ಎಂಟನೆಯವನು. ಅಪ್ಪ ಕಾನೂನು ಓದಿಕೊಂಡಿದ್ರೂ ವಕೀಲಿಕೆ ಮಾಡಲಿಲ್ಲ, ಇದ್ದ ದುಡ್ಡನ್ನ ಹಾಕಬಾರದ ಕಡೆಯೆಲ್ಲ ಹಾಕಿ ಕಳೆದ. ಹುಡುಗನನ್ನ ಶಾಲೆ ಬಿಡಿಸಿ ಲಂಡನ್ನಿನಲ್ಲಿ ಬಡಗಿ ಕೆಲಸ ಕಲಿಯುತ್ತಿದ್ದ ಅಣ್ಣನ ಹತ್ತಿರ ಕಳಿಸಿದರು. ಅಲ್ಲಿ ಸಂಜೆ ಹೊತ್ತು ಕಾರ್ಮಿಕರಿಗಾಗಿ ನಡೆಯುತ್ತಿದ್ದ ಉಪನ್ಯಾಸಗಳಿಗೆ ಹೋಗಿ ಕೂರ್ತಿದ್ದ. ರಾಬರ್ಟ್ ಓವನ್‌ನ ಸಮಾಜವಾದಿ ವಿಚಾರಗಳು ಅವನ ಕಿವಿಗೆ ಬಿದ್ದಿದ್ದು ಅಲ್ಲಿ. ಕೆಲವೇ ತಿಂಗಳಲ್ಲಿ ದೊಡ್ಡಣ್ಣ ವಿಲಿಯಂ ಜೊತೆ ಸರ್ವೇ ಕೆಲಸಕ್ಕೆ ಹೋದ.

ನಾನು ಸಿವಿಲ್ ಇಂಜಿನಿಯರಿಂಗ್ ಓದಿದವನು. ಸರ್ವೇ ಕ್ಯಾಂಪ್‌ನಲ್ಲಿ ಬಿಸಿಲಲ್ಲಿ ಥಿಯೋಡೊಲೈಟ್ ಹೊತ್ತು, ಸಂಜೆ ಲೆಕ್ಕ ಟ್ಯಾಲಿ ಆಗದೆ, ಫೀಲ್ಡ್ ಬುಕ್‌ನ ರೀಡಿಂಗನ್ನೇ ಸ್ವಲ್ಪ ತಿದ್ದಿ ಮ್ಯಾನೇಜ್ ಮಾಡಿದ ತಂಡದಲ್ಲಿ ನಾನೂ ಇದ್ದೆ. ಹಾಗಾಗಿ ವ್ಯಾಲೇಸ್‌ನ ಜೀವನದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಚಿಟ್ಟೆಗಳಲ್ಲ, ಈ ಆರೇಳು ವರ್ಷದ ಸರ್ವೇ ಕೆಲಸ. ಒಂದು ಬಿಂದು ಎಲ್ಲಿದೆ ಅನ್ನೋದನ್ನ ಸರಿಯಾಗಿ ಬರೆದುಕೊಳ್ಳದಿದ್ರೆ ಅದರ ಮೇಲೆ ಕಟ್ಟಿದ ಇಡೀ ನಕ್ಷೆ ಹಾಳು ಅನ್ನೋದು ಅವನಿಗೆ ಹದಿಹರೆಯದಲ್ಲೇ ಅಭ್ಯಾಸ ಆಗಿಹೋಯ್ತು.

ಆ ಕೆಲಸಕ್ಕೆ ಇನ್ನೊಂದು ಮುಖವೂ ಇತ್ತು. ಆಗ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಊರಿನ ಎಲ್ಲರಿಗೂ ಸೇರಿದ್ದ ಜಮೀನಿಗೆ, ಅಂದ್ರೆ ನಮ್ಮ ಗೋಮಾಳದಂಥ ಜಾಗಕ್ಕೆ, ಕಾನೂನಿನ ಹೆಸರಿನಲ್ಲಿ ಬೇಲಿ ಹಾಕಿ ದೊಡ್ಡ ಜಮೀನ್ದಾರರಿಗೆ ಹಂಚೋದು ನಡೀತಿತ್ತು. ಬೇಲಿ ಹಾಕೋಕೆ ಮೊದಲು ಅಳತೆ ಬೇಕಲ್ಲ? ಅಳೆದವರಲ್ಲಿ ಹುಡುಗ ವ್ಯಾಲೇಸ್ ಕೂಡ ಒಬ್ಬ. ದನ, ಕುರಿ ಮೇಯಿಸಿಕೊಂಡಿದ್ದ ಬಡವರ ನೆಲವನ್ನ ಕಿತ್ತುಕೊಳ್ಳೋಕೆ ತಾನು ಸರಪಳಿ ಹಿಡಿದಿದ್ದೆ ಅನ್ನೋದು ಅವನಿಗೆ ಹೊಳೆದಿದ್ದು ಎಷ್ಟೋ ವರ್ಷಗಳ ನಂತರ. ಹೊಳೆದ ಮೇಲೆ ಅದನ್ನ ನೇರವಾಗಿ ದರೋಡೆ ಅಂತಲೇ ಕರೆದ.

ಕೆಲಸ ಕಡಿಮೆಯಾದಾಗ ಲೆಸ್ಟರ್ ಊರಿನಲ್ಲಿ ಮೇಷ್ಟ್ರಾದ. ಅಲ್ಲಿನ ಲೈಬ್ರರಿಯಲ್ಲಿ ಮಾಲ್ತಸ್‌ನ ಜನಸಂಖ್ಯೆಯ ಪುಸ್ತಕ ಓದಿದ, ಜೊತೆಗೆ ಹೆನ್ರಿ ಬೇಟ್ಸ್ ಅನ್ನೋ ಜೀರುಂಡೆ ಹುಚ್ಚನ ಗೆಳೆತನ ಆಯ್ತು. ಒಂದೇ ಊರಿನ ಸುತ್ತಮುತ್ತ ಸಾವಿರ ಬಗೆಯ ಜೀರುಂಡೆ ಸಿಗಬಹುದು ಅಂತ ಕೇಳಿ ದಂಗಾದ. ಇಬ್ಬರೂ 1848ರಲ್ಲಿ ಅಮೆಜಾನ್‌ಗೆ ಹಡಗು ಹತ್ತಿದರು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೋಗಿದ್ದು ಅಪ್ಪನ ದುಡ್ಡಿನಲ್ಲಿ. ಇವರು ಹಿಡಿದ ಹುಳ, ಹಕ್ಕಿಗಳನ್ನ ಲಂಡನ್ನಿನ ಏಜೆಂಟ್ ಸ್ಯಾಮ್ಯುಯೆಲ್ ಸ್ಟೀವನ್ಸ್ ಮಾರಬೇಕು, ಆ ಕಾಸಿನಲ್ಲೇ ಅಲ್ಲಿ ಇವರ ಊಟ. ನಾಲ್ಕು ವರ್ಷ ವ್ಯಾಲೇಸ್ ಹಾಗೇ ಬದುಕಿದ. ಜೊತೆಗೆ ಬಂದ ತಮ್ಮ ಹರ್ಬರ್ಟ್ ಹಳದಿ ಜ್ವರಕ್ಕೆ ಬಲಿಯಾದ. 1852ರ ಆಗಸ್ಟ್‌ನಲ್ಲಿ ವಾಪಸ್ ಬರುವಾಗ ಅಟ್ಲಾಂಟಿಕ್ ಸಾಗರದ ನಡುವೆ ಹಡಗಿಗೆ ಬೆಂಕಿ ಬಿತ್ತು. ತನ್ನ ಸ್ವಂತಕ್ಕೆ ಅಂತ ಇಟ್ಟುಕೊಂಡಿದ್ದ ಸಂಗ್ರಹ, ಟಿಪ್ಪಣಿಗಳು ಬಹುಪಾಲು ಸುಟ್ಟುಹೋದವು. ಸೋರುವ ದೋಣಿಯಲ್ಲಿ ಹತ್ತು ದಿನ ಕಳೆದ ಮೇಲೆ ಇನ್ನೊಂದು ಹಡಗು ಬಂದು ಎತ್ತಿಕೊಂಡಿತು. ಸ್ಟೀವನ್ಸ್ ಸದ್ದಿಲ್ಲದೆ ಇನ್ಶೂರೆನ್ಸ್ ಮಾಡಿಸಿದ್ದರಿಂದ ಬೀದಿಗೆ ಬೀಳೋದು ತಪ್ಪಿತು.

ಬರಿಗೈಲಿ ಬಂದವನು ಅದೇ ವರ್ಷ ಅಮೆಜಾನಿನ ಕೋತಿಗಳ ಬಗ್ಗೆ ಒಂದು ಪ್ರಬಂಧ ಓದಿದ. ಅದರಲ್ಲಿ ಒಂದು ದೂರಿತ್ತು. ಮ್ಯೂಸಿಯಂಗಳಲ್ಲಿ ಪ್ರಾಣಿಗಳ ಲೇಬಲ್ ಮೇಲೆ ಬ್ರೆಜಿಲ್, ಪೆರು ಅಂತ ಬರೆದಿರ್ತಾರೆ, ನದಿಯ ಯಾವ ದಡ ಅಂತ ಬರೆಯೋದೇ ಇಲ್ಲ. ಆದರೆ ಈ ದಡದ ಕೋತಿ ಆ ದಡದಲ್ಲಿಲ್ಲ! ನದಿಯೇ ಗಡಿ. ದಡ ಗೊತ್ತಿಲ್ಲದ ಕೋತಿ ಅರ್ಧ ಕೋತಿ.

ಇದು ಗುಮಾಸ್ತನ ತಕರಾರಿನ ಹಾಗೆ ಕೇಳಿಸಬಹುದು. ಹಾಗಲ್ಲ ಅಂತ ತಿಳಿಯೋಕೆ ಗಲಪಗೋಸ್ ದ್ವೀಪಗಳಿಗೆ ಹೋಗಬೇಕು. ದಕ್ಷಿಣ ಅಮೆರಿಕದ ತೀರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರ, ಸಮುದ್ರದ ತಳದಿಂದ ಜ್ವಾಲಾಮುಖಿ ಎಬ್ಬಿಸಿದ ನೆಲ. ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿರದ ಇಂಥ ನೆಲಕ್ಕೆ ಸಾಗರದ್ವೀಪ ಅಂತಾರೆ. 1835ರಲ್ಲಿ ಡಾರ್ವಿನ್ ಅಲ್ಲಿ ಐದು ವಾರ ಇದ್ದ. ಚಿಕ್ಕ ಚಿಕ್ಕ ಫಿಂಚ್ ಹಕ್ಕಿಗಳನ್ನ ಹೊಡೆದು ತಂದ. ಆದರೆ ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಸರಿಯಾಗಿ ಬರೆದಿಡಲಿಲ್ಲ. ಆಮೆಯ ಚಿಪ್ಪು ನೋಡಿ ಅದು ಯಾವ ದ್ವೀಪದ್ದು ಅಂತ ಹೇಳಬಲ್ಲೆ ಅಂತ ಅಲ್ಲಿನ ಉಪ ಗವರ್ನರ್ ಲಾಸನ್ ಹೇಳಿದ್ರೂ ತಕ್ಷಣ ತಲೆಗೆ ಹೋಗಲಿಲ್ಲ. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡ್, ತೋಟದ ಮಾಲಿಯ ಮಗ, ಆ ಹಕ್ಕಿಗಳನ್ನ ಹರಡಿಕೊಂಡು ನೋಡಿ, ಇವೆಲ್ಲ ಒಂದೇ ಗುಂಪಿಗೆ ಸೇರಿದ ಬೇರೆ ಬೇರೆ ಪ್ರಭೇದಗಳು ಅಂದ. ಆಗ ಡಾರ್ವಿನ್‌ಗೆ ಪೇಚಾಟ ಶುರು. ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಸೇವಕ ಕೋವಿಂಗ್ಟನ್ ತಮ್ಮ ತಮ್ಮ ಹಕ್ಕಿಗಳಿಗೆ ದ್ವೀಪದ ಹೆಸರು ಬರೆದಿಟ್ಟಿದ್ದರು. ಅವರಿಂದ ತರಿಸಿಕೊಂಡು ಲೆಕ್ಕ ಹೊಂದಿಸಬೇಕಾಯ್ತು. ಶ್ರೀಮಂತ ವಿದ್ಯಾವಂತನ ಲೇಬಲ್‌ಗಿಂತ ಸೇವಕನ ಲೇಬಲ್ ಚೆನ್ನಾಗಿತ್ತು.

1854ರ ಏಪ್ರಿಲ್‌ನಲ್ಲಿ ವ್ಯಾಲೇಸ್ ಸಿಂಗಾಪುರಕ್ಕೆ ಬಂದಿಳಿದ. ಮುಂದಿನ ಎಂಟು ವರ್ಷ ಮಲಯ ದ್ವೀಪಸಮೂಹದಲ್ಲಿ ಅರವತ್ತು ಎಪ್ಪತ್ತು ಪ್ರಯಾಣ, ಒಟ್ಟು 14,000 ಮೈಲಿ. ಬೋರ್ನಿಯೋದ ಸರವಾಕ್‌ನಲ್ಲಿ ಕಲ್ಲಿದ್ದಲು ಗಣಿ ಮಾಡೋಕೆ ಕಾಡು ಕಡೀತಿದ್ರು. ಅಲ್ಲಿ ಠಿಕಾಣಿ ಹಾಕಿ, ಹುಳ ತಂದುಕೊಟ್ರೆ ಒಂದಕ್ಕೆ ಒಂದು ಸೆಂಟ್ ಅಂತ ಸಾರಿದ. ದಯಕ್ ಮತ್ತು ಚೀನೀ ಕೂಲಿಗಳು ಬಿದಿರಿನ ಕೊಳವೆ ತುಂಬ ಹುಳ ತಂದರು. ಮರದಿಂದ ಮರಕ್ಕೆ ತೇಲುವ ಕಪ್ಪೆಯನ್ನ ಅವನಿಗೆ ತಂದು ತೋರಿಸಿದ್ದೂ ಒಬ್ಬ ಚೀನೀ ಕೂಲಿ. ಈಗ ಅದು ವ್ಯಾಲೇಸನ ಹಾರುವ ಕಪ್ಪೆ. ಅಲ್ಲೇ ಒರಾಂಗುಟಾನ್‌ಗಳನ್ನ ಹೊಡೆದ, ತಾಯಿಯನ್ನ ಕೊಂದು ಅದರ ಮರಿಗೆ ಗಂಜಿ ತಿಳಿ ಕುಡಿಸಿ ಮಗುವಿನ ಹಾಗೆ ಸಾಕಿದ, ಮೂರು ತಿಂಗಳಾಗೋ ಹೊತ್ತಿಗೆ ಅದು ಸತ್ತಾಗ ಸಂಕಟಪಟ್ಟ. ಇವತ್ತು ಓದೋಕೆ ಕಷ್ಟ ಆಗುತ್ತೆ. ಆಗಬೇಕಾದ್ದೇ.

ಅಲಿ ಸೇರಿಕೊಂಡಿದ್ದು ಸರವಾಕ್‌ನಲ್ಲೇ, 1855ರ ಕೊನೆಗೆ, ಅಡುಗೆ ಹುಡುಗನಾಗಿ. ವ್ಯಾಲೇಸ್‌ಗೆ ಮಲಯ್ ಭಾಷೆ ಚೆನ್ನಾಗಿ ರೂಢಿಯಾಗಿದ್ದು ಅವನ ಜೊತೆ ಮಾತಾಡಿ. ಆಮೇಲೆ ಅಲಿ ಬಂದೂಕು ಕಲಿತ. ಹಕ್ಕಿಯ ಚರ್ಮ ಸುಲಿದು ಕೆಡದ ಹಾಗೆ ಸಿದ್ಧ ಮಾಡೋದು ಕಲಿತ. ದೋಣಿ ನಡೆಸೋದು ಮೊದಲೇ ಗೊತ್ತಿತ್ತು. ಹೊಸಬರಿಗೆ ಕಲಿಸೋನೂ ಅವನೇ, ಸಾಹೇಬನಿಗೆ ಜ್ವರ ಬಂದ್ರೆ ಆರೈಕೆ ಮಾಡೋನೂ ಅವನೇ. ವ್ಯಾಲೇಸ್ ಹೆಸರಿನಲ್ಲಿರೋ ಹಕ್ಕಿಗಳಲ್ಲಿ ದೊಡ್ಡ ಪಾಲು ಅಲಿ ತಂದಿದ್ದು ಅಂತ ಇತ್ತೀಚಿನ ವರ್ಷಗಳಲ್ಲಿ ಇತಿಹಾಸಕಾರರು ವಾದಿಸಿದ್ದಾರೆ. ತೇಜಸ್ವಿಯವರ ಕರ್ವಾಲೊ ಓದಿದವರಿಗೆ ಮಂದಣ್ಣ ನೆನಪಾಗದೇ ಇರೋಕೆ ಸಾಧ್ಯವೇ ಇಲ್ಲ. ವ್ಯತ್ಯಾಸ ಏನಂದ್ರೆ ಮಂದಣ್ಣನಿಗೆ ಒಬ್ಬ ಕಾದಂಬರಿಕಾರ ಸಿಕ್ಕಿದ.

ಸರವಾಕ್‌ನ ಮಳೆಗಾಲದಲ್ಲಿ ಒಬ್ಬನೇ ಕೂತು, 1855ರ ಫೆಬ್ರವರಿಯಲ್ಲಿ, ವ್ಯಾಲೇಸ್ ಒಂದು ಪ್ರಬಂಧ ಬರೆದ. ಪ್ರತಿ ಹೊಸ ಪ್ರಭೇದವೂ ತನಗೆ ಹತ್ತಿರದ ಇನ್ನೊಂದು ಪ್ರಭೇದ ಇದ್ದ ಜಾಗದಲ್ಲೇ, ಅದೇ ಕಾಲಕ್ಕೆ ಹೊಂದಿಕೊಂಡು ಬರುತ್ತೆ ಅನ್ನೋದು ಅದರ ಸಾರ. ಗಲಪಗೋಸ್ ಮತ್ತು ಸೇಂಟ್ ಹೆಲೆನಾ ದ್ವೀಪಗಳು ಅದರಲ್ಲಿ ಸಾಕ್ಷಿಗಳಾಗಿ ಬರ್ತವೆ. ತರ್ಕ ಸರಳ. ಬೆಂಕಿಯಿಂದ ಎದ್ದ ದ್ವೀಪದಲ್ಲಿ ಮೊದಲು ಏನೂ ಇರಲಿಲ್ಲ. ಬಂದಿದ್ದೆಲ್ಲ ಗಾಳಿ, ನೀರು ಹೊತ್ತು ತಂದಿದ್ದು. ದೇವರು ಪ್ರತಿ ಜೀವಿಯನ್ನೂ ಆಯಾ ಜಾಗಕ್ಕೆ ಅಂತಲೇ ಬೇರೆಯಾಗಿ ಮಾಡಿಟ್ಟಿದ್ರೆ, ಗಲಪಗೋಸ್‌ನ ಹಕ್ಕಿ ಬೇರೆಲ್ಲ ಬಿಟ್ಟು ದಕ್ಷಿಣ ಅಮೆರಿಕದ ಹಕ್ಕಿಯನ್ನೇ ಯಾಕೆ ಹೋಲಬೇಕು? ಹೋಲಿಯೂ ಯಾಕೆ ಬೇರೆಯಾಗಬೇಕು? ಲಂಡನ್ನಿನಲ್ಲಿ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಥಿಯರಿ ಬಿಟ್ಟು ಹುಳ ಹಿಡಿಯೋ ಕೆಲಸ ನೋಡಿಕೊಂಡ್ರೆ ಒಳ್ಳೇದು ಅಂತ ಕೆಲವರು ಗೊಣಗಿದ್ದು ಏಜೆಂಟನ ಮೂಲಕ ಅವನಿಗೆ ತಲುಪಿತು.

ಅವನು ಹುಳವನ್ನೂ ಹಿಡಿದ. ಇಲ್ಲೇ ಬಡತನದ ಇನ್ನೊಂದು ವಿಚಿತ್ರ ಉಪಕಾರ ಇರೋದು. ಶೋಕಿಗೆ ಸಂಗ್ರಹ ಮಾಡೋನು ಒಂದು ಪ್ರಭೇದಕ್ಕೆ ಒಂದು ಚಂದದ ಜೋಡಿ ಇಟ್ಟುಕೊಂಡು ಸುಮ್ಮನಾಗ್ತಾನೆ. ಮಾರೋಕೆ ಅಂತ ಹಿಡಿಯೋನಿಗೆ ಒಂದೇ ಚಿಟ್ಟೆ ಹತ್ತಾರು ಬೇಕು. ಹತ್ತಾರನ್ನ ಸಾಲಾಗಿ ಜೋಡಿಸಿದಾಗ ಕಾಣುತ್ತೆ, ಯಾವ ಎರಡೂ ಒಂದೇ ಥರ ಇಲ್ಲ ಅಂತ. ಪ್ರಭೇದ ಅನ್ನೋದು ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವಲ್ಲ, ಅದೊಂದು ಜನಸಮೂಹ. ಅದರ ಮೇಲೆ ಅವನ ಸಣ್ಣ ಸಣ್ಣ ದುಂಡನೆಯ ಲೇಬಲ್‌ಗಳು, ಪ್ರತಿಯೊಂದರಲ್ಲೂ ದ್ವೀಪದ ಹೆಸರಿನ ಮೊದಲ ಅಕ್ಷರಗಳು.

1856ರಲ್ಲಿ ಬಾಲಿಯಿಂದ ಲೊಂಬೋಕ್‌ಗೆ ದಾಟಿದಾಗ ಈ ಅಭ್ಯಾಸ ಫಲ ಕೊಟ್ಟಿತು. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡದ ಬೆಟ್ಟ ಕಾಣುತ್ತೆ, ಅಷ್ಟೇ ದೂರ. ಬಾಲಿಯಲ್ಲಿ ಮರಕುಟಿಗ, ಕುಟ್ರುಹಕ್ಕಿ ಥರದ ಏಷ್ಯಾದ ಹಕ್ಕಿಗಳು. ಲೊಂಬೋಕ್‌ನಲ್ಲಿ ಕೂಗ್ತಿದ್ದದ್ದು ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ. ಹವಾಮಾನ ಒಂದೇ, ಮಣ್ಣೂ ಹೆಚ್ಚುಕಡಿಮೆ ಒಂದೇ. ಹಾಗಾದ್ರೆ ಹಕ್ಕಿಗಳನ್ನ ಬೇರೆ ಮಾಡಿದ್ದು ಏನು? ಆ ಜಲಸಂಧಿಯ ಆಳ. ಸಮುದ್ರ ಮಟ್ಟ ಎಷ್ಟೇ ಇಳಿದ ಕಾಲದಲ್ಲೂ ಆ ಕಾಲುವೆ ಒಣಗಿರಲಿಲ್ಲ. ನಕ್ಷೆಯ ಮೇಲೆ ಅವನು ಎಳೆದ ಗೆರೆಯನ್ನ ಮುಂದೆ ಹಕ್ಸ್ಲಿ ವ್ಯಾಲೇಸ್ ರೇಖೆ ಅಂತ ಕರೆದ. ಹಿಂದೆ ಗೋಮಾಳದ ಮೇಲೆ ಎಳೆದ ಗೆರೆಗಳನ್ನ ನೆನೆಸಿಕೊಂಡ್ರೆ, ಇದು ಅವನ ಒಳ್ಳೆಯ ಗೆರೆ.

1857ರಲ್ಲಿ ಮಕಾಸರ್ ವರ್ತಕರ ಹಡಗಿನಲ್ಲಿ ನ್ಯೂಗಿನಿ ಹತ್ತಿರದ ಆರು ದ್ವೀಪಗಳಿಗೆ ಹೋದ. (ಆರು ಅನ್ನೋದು ಹೆಸರು, ಲೆಕ್ಕ ಅಲ್ಲ.) ರಾಜ ಸ್ವರ್ಗದ ಹಕ್ಕಿಯನ್ನ ಅವನಿಗೆ ಮೊದಲು ತಂದುಕೊಟ್ಟಿದ್ದು ಬದೆರೂನ್ ಅನ್ನೋ ಕೆಲಸದ ಹುಡುಗ. ಕೆಂಪಗೆ ಹೊಳೆಯೋ ಆ ಪುಟ್ಟ ಹಕ್ಕಿಯನ್ನ ಕೈಯಲ್ಲಿ ಹಿಡಿದು ವ್ಯಾಲೇಸ್ ಯೋಚನೆಗೆ ಬಿದ್ದ. ಇಷ್ಟು ಕಾಲ ಈ ಚೆಲುವನ್ನ ನೋಡೋಕೆ ನಾಗರಿಕರು ಯಾರೂ ಇಲ್ಲಿರಲಿಲ್ಲ. ಅವರು ಬಂದ ದಿನ ಈ ಹಕ್ಕಿಯೇ ಇರೋದಿಲ್ಲ. ಅಂದ ಮೇಲೆ ಇವೆಲ್ಲ ಮನುಷ್ಯನಿಗಾಗಿ ಸೃಷ್ಟಿಯಾಗಿದ್ದು ಅನ್ನೋ ಮಾತಿಗೆ ಏನು ಅರ್ಥ ಅಂತ ತನ್ನನ್ನೇ ಕೇಳಿಕೊಂಡ. ಅಲ್ಲಿನ ವಾನುಂಬಾಯಿ ಜನಕ್ಕೆ ಇವನದ್ದೇ ಒಂದು ಒಗಟು. ಈ ಸತ್ತ ಹಕ್ಕಿಗಳನ್ನೆಲ್ಲ ಊರಿಗೆ ತಗೊಂಡು ಹೋಗಿ ಮತ್ತೆ ಜೀವ ಬರಿಸ್ತಾನೆ ಅಂತ ನಂಬಿದ್ರು. ನಿನ್ನ ದೇಶ ಯಾವುದು ಅಂತ ಕೇಳಿದ್ರು. ಇವನು ಇಂಗ್ಲೆಂಡ್ ಅಂದ. ಅವರ ಬಾಯಿಗೆ ಅದು ಹೊರಳಲೇ ಇಲ್ಲ. ಇದೂ ಒಂದು ಹೆಸರಾ, ವಾನುಂಬಾಯಿ ಅಂದ್ರೆ ಯಾರಾದ್ರೂ ಹೇಳಬಹುದು, ನೀನು ಬೇಕಂತಲೇ ನಿಜವಾದ ಹೆಸರು ಮುಚ್ಚಿಡ್ತಿದ್ದೀಯ ಅಂತ ಒಬ್ಬ ಮುದುಕ ಹಟ ಹಿಡಿದ. ಊರಿನ ಎಲ್ಲದಕ್ಕೂ ಹೆಸರಿಡೋಕೆ ಬಂದವನ ಊರಿನ ಹೆಸರನ್ನ ಆ ಊರು ಒಪ್ಪಲಿಲ್ಲ! ಇದನ್ನ ತನ್ನ ಪುಸ್ತಕದಲ್ಲಿ ತಾನೇ ಬರೆದು ನಕ್ಕ ಅನ್ನೋದಕ್ಕೆ ನನಗೆ ಈ ಮನುಷ್ಯ ಇಷ್ಟ.

1858ರ ಫೆಬ್ರವರಿ. ತೆರ್ನಾತೆ ದ್ವೀಪದಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದ ಕಾಲ. ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದಾಗ ಹಿಂದೆ ಓದಿದ್ದ ಮಾಲ್ತಸ್ ನೆನಪಾದ. ಹುಟ್ಟೋದು ಹೆಚ್ಚು, ಬದುಕೋದು ಕಡಿಮೆ. ಯಾವುವು ಬದುಕ್ತವೆ? ಸಣ್ಣ ವ್ಯತ್ಯಾಸ ಯಾವುದಕ್ಕೆ ಅನುಕೂಲವೋ ಅವು. ಜ್ವರ ಬಿಟ್ಟ ಕೂಡಲೇ ಎರಡು ಸಂಜೆಗಳಲ್ಲಿ ಬರೆದು ಮುಗಿಸಿ ಡಾರ್ವಿನ್‌ಗೆ ಕಳಿಸಿದ. ಇದೇ ಐಡಿಯಾವನ್ನ ಇಪ್ಪತ್ತು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಡಾರ್ವಿನ್‌ಗೆ ಜೂನ್‌ನಲ್ಲಿ ಅದು ತಲುಪಿದಾಗ ನೆಲ ಕುಸಿದಂತಾಯ್ತು. ಅವನ ಹಸುಗೂಸು ಆಗಲೇ ಜ್ವರದಲ್ಲಿತ್ತು, ಕೆಲವೇ ದಿನದಲ್ಲಿ ತೀರಿಕೊಂಡಿತು. ಗೆಳೆಯರಾದ ಲಯೆಲ್ ಮತ್ತು ಹೂಕರ್ ಒಂದು ದಾರಿ ಹುಡುಕಿದರು. ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್‌ನ ಹಳೆಯ ಟಿಪ್ಪಣಿ ಮೊದಲು, ವ್ಯಾಲೇಸ್‌ನ ಪ್ರಬಂಧ ಆಮೇಲೆ, ಎರಡನ್ನೂ ಒಟ್ಟಿಗೆ ಓದಿಸಿದರು. ವ್ಯಾಲೇಸ್ ಆಗ ನ್ಯೂಗಿನಿಯಲ್ಲಿದ್ದ. ಒಪ್ಪಿಗೆ ಕೇಳಿದವರಿಲ್ಲ. ಆ ವರ್ಷ ಹೇಳಿಕೊಳ್ಳುವಂಥ ದೊಡ್ಡ ಸಂಶೋಧನೆ ಏನೂ ಆಗಲಿಲ್ಲ ಅಂತ ಆಮೇಲೆ ಸೊಸೈಟಿಯ ಅಧ್ಯಕ್ಷ ಸಾರಿದ್ದು ಬೇರೆ ತಮಾಷೆ.

ಡಾರ್ವಿನ್ ಕದ್ದ ಅನ್ನೋ ಯೂಟ್ಯೂಬ್ ವಾದವನ್ನ ನಾನು ಒಪ್ಪೋದಿಲ್ಲ. ಅವನ ಹಳೆಯ ಬರಹಗಳಿಗೆ ಸಾಕ್ಷಿ ಇದೆ. ವ್ಯಾಲೇಸ್ ಕೂಡ ಮುನಿಸಿಕೊಳ್ಳಲಿಲ್ಲ, ಅಕ್ಟೋಬರ್‌ನಲ್ಲಿ ಪತ್ರ ಕೈಗೆ ಬಂದಾಗ ಸಂತೋಷದಿಂದ ಅಮ್ಮನಿಗೆ ಬರೆದ. ಆದರೆ ಆ ಸಂತೋಷವನ್ನೂ ಸ್ವಲ್ಪ ನೋಡಿ. ದೊಡ್ಡವರು ತನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡ್ರು ಅನ್ನೋ ಸಂತೋಷ ಅದು. ಕೇಳದೇ ಕೂರಿಸಿಕೊಂಡ್ರು ಅನ್ನೋದು ತಪ್ಪಾಗಿ ಕಾಣೋಕೆ ಮೊದಲು ತಾನು ಸಮಾನ ಅಂತ ಅನ್ನಿಸಿರಬೇಕು.

ಇದಾಗಿ ಕೆಲವೇ ದಿನಕ್ಕೆ ಬಚಾನ್, ಅಲಿ, ಆ ಹಕ್ಕಿ. ಅದೇ ದ್ವೀಪದಲ್ಲಿ ಕಿತ್ತಳೆ ಬಂಗಾರದ ದೊಡ್ಡ ಚಿಟ್ಟೆಯೊಂದು ಬಲೆಗೆ ಬಿದ್ದಾಗ ಎದೆ ಬಡಿದುಕೊಂಡು ತಲೆ ಸುತ್ತು ಬಂದಿತ್ತು, ಉಳಿದ ದಿನವೆಲ್ಲ ತಲೆನೋವು. ಹೆಬ್ಬೆರಳಿನಷ್ಟಿದ್ದ ಒಂದು ದೈತ್ಯ ಜೇನೂ ಸಿಕ್ಕಿತು. ಅವನ ನಂತರ 1981ರ ತನಕ ವಿಜ್ಞಾನಿಗಳಿಗೆ ಅದು ಮತ್ತೆ ಸಿಗಲಿಲ್ಲ, ಜೀವಂತ ಜೇನಿನ ಫೋಟೊ ಸಿಕ್ಕಿದ್ದು 2019ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಆನ್‌ಲೈನ್ ಹರಾಜಿನಲ್ಲಿ ಒಂದು ಸತ್ತ ಜೇನು ಸಾವಿರಾರು ಡಾಲರ್‌ಗೆ ಮಾರಾಟವಾಗಿತ್ತು. ಮಾರೋಕೆ ಹಿಡಿಯೋ ವ್ಯವಹಾರ ನಿಂತಿಲ್ಲ.

1862ರಲ್ಲಿ ಹೊರಡುವಾಗ ಲೆಕ್ಕ ಹೀಗಿತ್ತು: ಒಟ್ಟು 1,25,660 ಮಾದರಿಗಳು, ಅದರಲ್ಲಿ ಜೀರುಂಡೆಗಳೇ 83,200, ಹಕ್ಕಿಗಳು 8,050. ಸಿಂಗಾಪುರದಲ್ಲಿ ಅಲಿಯ ಫೋಟೊ ತೆಗೆಸಿದ. ಕೋಟು ತೊಟ್ಟು ಗಂಭೀರವಾಗಿ ಕೂತಿರುವ ಆ ಒಂದೇ ಚಿತ್ರ ಇವತ್ತು ನಮಗಿರೋದು. ದುಡ್ಡು, ತನ್ನ ಎರಡೂ ಬಂದೂಕು, ಮದ್ದುಗುಂಡು, ಉಪಕರಣಗಳನ್ನ ಕೊಟ್ಟು ಕಳಿಸಿದ. ಅಲಿ ಆಗಲೇ ತೆರ್ನಾತೆಯಲ್ಲಿ ಮದುವೆಯಾಗಿದ್ದ. ವ್ಯಾಲೇಸ್ ನೂರು ಪೌಂಡ್ ಕೊಟ್ಟು ಎರಡು ಜೀವಂತ ಸ್ವರ್ಗದ ಹಕ್ಕಿ ಕೊಂಡು ಹಡಗು ಹತ್ತಿದ. ಬಾಂಬೆಯಲ್ಲಿ ಒಂದು ವಾರ ಇಳಿದು ಅವಕ್ಕೆ ಬಾಳೆಹಣ್ಣು ಹೊಂಚಿಕೊಂಡ. ಅವಕ್ಕೆ ಹುಳವೂ ಬೇಕು, ಹಾಗಾಗಿ ದಿನಾ ರಾತ್ರಿ ಹಡಗಿನಲ್ಲಿ ಜಿರಳೆ ಬೇಟೆ. ಮಾಲ್ಟಾದಲ್ಲಿ ಒಂದು ಬೇಕರಿಯಿಂದ ಬಿಸ್ಕತ್ ಡಬ್ಬಿಗಟ್ಟಲೆ ಜಿರಳೆ ತುಂಬಿಸಿಕೊಂಡು ಲಂಡನ್ ಮುಟ್ಟಿದ.

ಹಿಡಿಯೋದು ಅರ್ಧ ಕೆಲಸ. ಹಿಡಿದ ಪ್ರಾಣಿ ಹೊಸ ಪ್ರಭೇದ ಅಂತ ಆಗಬೇಕಾದ್ರೆ ಮ್ಯೂಸಿಯಂಗಳಲ್ಲಿರೋ ಹಳೆಯದರ ಜೊತೆ ಹೋಲಿಸಬೇಕು, ಲಿನೇಯಸ್ ಪದ್ಧತಿಯ ಜೋಡಿ ಹೆಸರಿಡಬೇಕು, ವಿವರ ಬರೆದು ಪ್ರಕಟಿಸಬೇಕು. ಮೊದಲು ಪ್ರಕಟಿಸಿದವನದ್ದೇ ಹಕ್ಕು. ಮ್ಯೂಸಿಯಂ ಇರೋದು ಲಂಡನ್, ಪ್ಯಾರಿಸ್, ಲೈಡನ್ನಿನಲ್ಲಿ. ಅಂದ್ರೆ ತೆರ್ನಾತೆಯಲ್ಲಿ ಕೂತವನು ಎಷ್ಟೇ ಬಲ್ಲವನಾದರೂ ಹೆಸರಿಡುವ ಆಟಕ್ಕೆ ಇಳಿಯೋದೇ ಸಾಧ್ಯವಿರಲಿಲ್ಲ. ವ್ಯಾಲೇಸ್ ಆ ಆಟಕ್ಕೆ ಇಳಿದ. ಸುಮಾರು 300 ಪ್ರಭೇದಗಳಿಗೆ ತಾನೇ ಹೆಸರಿಟ್ಟ. ಮಲಯ ಪ್ರದೇಶದ ಚಿಟ್ಟೆಗಳ ಬಗ್ಗೆ 1864ರಲ್ಲಿ ಓದಿದ ಪ್ರಬಂಧದಲ್ಲಿ ಪ್ಯಾಪಿಲಿಯೊ ಮೆಮ್ನಾನ್ ಅನ್ನೋ ಚಿಟ್ಟೆಯ ಹೆಣ್ಣುಗಳು ಎಷ್ಟು ಬೇರೆ ಬೇರೆ ರೂಪದಲ್ಲಿರ್ತವೆ ಅಂದ್ರೆ ಅವನ್ನ ಬೇರೆ ಪ್ರಭೇದಗಳು ಅಂತಲೇ ಪಂಡಿತರು ಎಣಿಸಿದ್ರು ಅಂತ ತೋರಿಸಿದ. ರೂಪ ಬೇರೆಯಾದ ಮಾತ್ರಕ್ಕೆ ಪ್ರಭೇದ ಬೇರೆಯಲ್ಲ.

1880ರಲ್ಲಿ ಬಂದ ಅವನ ‘ಐಲ್ಯಾಂಡ್ ಲೈಫ್’ ಪುಸ್ತಕ ದ್ವೀಪಗಳನ್ನೇ ವರ್ಗೀಕರಿಸಿತು. ಖಂಡದಿಂದ ಕಳಚಿಕೊಂಡ ದ್ವೀಪಗಳು ಒಂದು ಕಡೆ, ಸಾಗರದ್ವೀಪಗಳು ಇನ್ನೊಂದು ಕಡೆ. ಗುರುತು ಹಿಡಿಯೋದು ಹೇಗೆ? ಅಲ್ಲಿ ಏನಿಲ್ಲ ಅಂತ ನೋಡಿ. ಸಾಗರದ್ವೀಪದಲ್ಲಿ ಮೂಲತಃ ಕಪ್ಪೆ ಇರೋದಿಲ್ಲ, ಅದರ ಮೊಟ್ಟೆಗೆ ಉಪ್ಪುನೀರು ವಿಷ. ಬಾವಲಿ ಬಿಟ್ರೆ ನೆಲದ ಸಸ್ತನಿ ಇಲ್ಲ. ಹಾರಿ ಬಂದಿದ್ದು, ತೇಲಿ ಬಂದಿದ್ದು ಮಾತ್ರ. ಆ ಪುಸ್ತಕದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಸೇಂಟ್ ಹೆಲೆನಾ ಅಧ್ಯಾಯ. ಅಟ್ಲಾಂಟಿಕ್‌ನ ಆ ಒಂಟಿ ದ್ವೀಪದ ಜೀರುಂಡೆಗಳನ್ನ ವೊಲ್ಲಾಸ್ಟನ್ ಅನ್ನೋನು ಅಧ್ಯಯನ ಮಾಡಿದ್ದ. ಅಲ್ಲಿನ ಮೂಲ ಜೀರುಂಡೆಗಳು ಬಹುತೇಕ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆದರೆ ಅವು ಬದುಕಿದ್ದ ಕಾಡೇ ಹೋಗಿತ್ತು. 1513ರಲ್ಲಿ ಪೋರ್ಚುಗೀಸರು ಬಿಟ್ಟ ಮೇಕೆಗಳು ಸಸಿಗಳನ್ನೆಲ್ಲ ತಿಂದು, ಬೇರಿಲ್ಲದ ಮಣ್ಣು ಮಳೆಗೆ ಕೊಚ್ಚಿಹೋಗಿತ್ತು. 1709ರಲ್ಲಿ ಅಲ್ಲಿನ ಗವರ್ನರ್, ಕರಿಮರ ಉಳೀಬೇಕಾದ್ರೆ ಮೇಕೆಗಳನ್ನ ತೆಗೀಬೇಕು ಅಂತ ಬರೆದಿದ್ದ. ಮರಕ್ಕಿಂತ ಮೇಕೆಗೇ ಬೆಲೆ ಹೆಚ್ಚು ಅಂತ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಉತ್ತರ ಕೊಟ್ಟರು. ಹೌದು, ನಮ್ಮನ್ನ ಆಳಿದ ಅದೇ ಕಂಪನಿ. ಹೆಸರೇ ಸಿಗದೆ ಅಳಿದ ಪ್ರಭೇದ ಅಂದ್ರೆ ಭೂಮಿಯ ಇತಿಹಾಸದ ಪುಸ್ತಕದಿಂದ ಕಿತ್ತುಹೋದ ಅಕ್ಷರ ಅನ್ನೋ ಅರ್ಥದಲ್ಲಿ ವ್ಯಾಲೇಸ್ 1863ರಲ್ಲೇ ಸರ್ಕಾರಗಳನ್ನ ಎಚ್ಚರಿಸಿದ್ದ.

ಉಳಿದ ಬದುಕು ಏರುಪೇರು. ಮಾದರಿ ಮಾರಿದ ದುಡ್ಡು ಕೆಟ್ಟ ಹೂಡಿಕೆಗಳಲ್ಲಿ ಕರಗಿತು. ಅರ್ಜಿ ಹಾಕಿದ ಕೆಲಸಗಳು ಕೈ ತಪ್ಪಿದವು, ಪರೀಕ್ಷೆ ಪೇಪರ್ ತಿದ್ದಿ ಮನೆ ನಡೆಸಿದ. ಭೂಮಿ ಚಪ್ಪಟೆ ಅಂತ ವಾದಿಸಿದವನ ಜೊತೆ 1870ರಲ್ಲಿ 500 ಪೌಂಡ್ ಪಂದ್ಯ ಕಟ್ಟಿ, ಹಳೇ ಸರ್ವೇಯರ್ ಬುದ್ಧಿ ಬಳಸಿ ಕಾಲುವೆಯ ನೀರಿನ ಮೇಲೆ ಭೂಮಿಯ ಬಾಗು ಅಳೆದು ಗೆದ್ದ. ಸೋತವನು ವರ್ಷಗಟ್ಟಲೆ ನಿಂದನೆಯ ಪತ್ರ ಬರೆದು ಕಾಡಿದ, ಗೆದ್ದ ದುಡ್ಡಿಗಿಂತ ಕೋರ್ಟ್ ಖರ್ಚೇ ಹೆಚ್ಚಾಯ್ತು. (ಟ್ರೋಲ್‌ಗಳ ಜೊತೆ ಪಂದ್ಯ ಕಟ್ಟಬೇಡಿ.) ಕೊನೆಗೆ 1881ರಲ್ಲಿ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಸಿಗೋ ಹಾಗೆ ಓಡಾಡಿದ್ದು ಡಾರ್ವಿನ್. ಅದೇ ವರ್ಷ ವ್ಯಾಲೇಸ್ ಭೂಮಿಯ ರಾಷ್ಟ್ರೀಕರಣಕ್ಕಾಗಿ ಹುಟ್ಟಿದ ಸಂಘದ ಅಧ್ಯಕ್ಷನಾದ. ಆಮೇಲೆ ಸಮಾಜವಾದಿ ಅಂತ ಘೋಷಿಸಿಕೊಂಡ. ಹೆಣ್ಣುಮಕ್ಕಳ ಮತದಾನದ ಹಕ್ಕಿನ ಪರ ನಿಂತ. ವಿಕಾಸವಾದದ ಹೆಸರಿನಲ್ಲಿ ಬಡವರನ್ನ ಅಯೋಗ್ಯರು ಅಂತ ಜರಿಯೋರನ್ನ, ಒಳ್ಳೆಯ ತಳಿಯ ಮನುಷ್ಯರನ್ನ ಬೆಳೆಸ್ತೀವಿ ಅನ್ನೋರನ್ನ ಕಟುವಾಗಿ ವಿರೋಧಿಸಿದ.

ಹಾಗಂತ ಅವನ ಪೋಸ್ಟರ್ ಅಂಟಿಸೋ ಆತುರ ಬೇಡ. ಪ್ರೇತಾತ್ಮಗಳ ಜೊತೆ ಮಾತಾಡುವ ಸಭೆಗಳನ್ನ ನಂಬಿದ. ಸಿಡುಬಿನ ಲಸಿಕೆಯ ವಿರುದ್ಧ ಚಳವಳಿ ಮಾಡಿದ, ಅಂಕಿಅಂಶ ಹಿಡಿದೇ ತಪ್ಪು ಮಾಡಿದ. 1869ರ ‘ದಿ ಮಲಯ್ ಆರ್ಕಿಪೆಲಗೊ’ ಪುಸ್ತಕದ ಕೊನೆಗೆ, ಸಂಪತ್ತು ತುಂಬಿದ ಇಂಗ್ಲೆಂಡ್ ಇನ್ನೂ ಅನಾಗರಿಕ, ಕೋರ್ಟು ಕಾನೂನು ಇಲ್ಲದ ಆ ಊರುಗಳಲ್ಲಿ ಜನ ಒಬ್ಬರನ್ನೊಬ್ಬರು ಹೆಚ್ಚು ಗೌರವಿಸ್ತಾರೆ ಅಂತ ಬರೆದ. ಅದೇ ಪುಸ್ತಕದಲ್ಲಿ ಜಾವಾದ ರೈತರಿಂದ ಡಚ್ಚರು ಬಲವಂತವಾಗಿ ಕಾಫಿ, ಕಬ್ಬು ಬೆಳೆಸಿಕೊಳ್ತಿದ್ದ ವ್ಯವಸ್ಥೆಯನ್ನ ಹೊಗಳಿದ. ತನ್ನೂರಿನ ಗೋಮಾಳದ ಬೇಲಿ ಕಂಡ ಕಣ್ಣಿಗೆ ಜಾವಾದ ಗದ್ದೆ ಕಾಣಲಿಲ್ಲ.

ವ್ಯಾಲೇಸ್ 1913ರ ನವೆಂಬರ್ 7ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೆ ಆರು ವರ್ಷ ಮೊದಲು, 1907ರಲ್ಲಿ, ಥಾಮಸ್ ಬಾರ್ಬರ್ ಅನ್ನೋ ಅಮೆರಿಕದ ಯುವ ಪ್ರಾಣಿವಿಜ್ಞಾನಿ ತೆರ್ನಾತೆಗೆ ಹೋಗಿದ್ದ. ಹಕ್ಕಿ, ಹುಳ ಹಿಡಿಯೋಕೆ ಅವನೂ ಸ್ಥಳೀಯ ಸಹಾಯಕರನ್ನ ಕರ್ಕೊಂಡು ಬೆಟ್ಟದ ಕಡೆ ಹೊರಟಿದ್ದಾಗ, ಮಾಸಿದ ನೀಲಿ ಟೋಪಿಯ ಒಬ್ಬ ಮುದುಕ ಬೀದಿಯಲ್ಲಿ ತಡೆದು ನಿಲ್ಲಿಸಿದ. ತನ್ನ ಹೆಸರು ಅಲಿ ವ್ಯಾಲೇಸ್ ಅಂತ ಹೇಳಿಕೊಂಡ. ಹಕ್ಕಿಗೆ ಅವನ ಹೆಸರನ್ನ ಯಾರೂ ಇಟ್ಟಿರಲಿಲ್ಲ, ಅವನೇ ಸಾಹೇಬನ ಹೆಸರನ್ನ ತನ್ನ ಹೆಸರಿಗೆ ಸೇರಿಸಿಕೊಂಡಿದ್ದ. ಬಾರ್ಬರ್ ಅವನ ಫೋಟೊ ತೆಗೆದು, ಊರಿಗೆ ಹೋದ ಮೇಲೆ ವ್ಯಾಲೇಸ್‌ಗೆ ಕಳಿಸಿದ. ಮುದುಕ ವ್ಯಾಲೇಸ್ ಖುಷಿಯಿಂದ ಉತ್ತರ ಬರೆದ. ಜ್ವರದಲ್ಲಿ ಸಾಯ್ತಿದ್ದಾಗ ಅಲಿ ತನ್ನನ್ನ ಹೇಗೆ ಬದುಕಿಸಿದ ಅನ್ನೋದು ಆ ಪತ್ರದಲ್ಲಿತ್ತಂತೆ.

ಬಾರ್ಬರ್ ಆ ಪತ್ರವನ್ನ ಎಲ್ಲೋ ಕಳೆದುಹಾಕಿದ.